ಪ್ರಾಧ್ಯಾಪಕ ಆದಿನಾಥ ಉಪಾಧ್ಯೆಯವರು

ನಮ್ಮ ಮಾಲಗಾಂವದ ಕನ್ನಡ ಮನೆಗಳ ಮಕ್ಕಳು ಮಿರಜ, ಸಾಂಗ್ಲಿ, ಕೊಲ್ಹಾಪುರಗಳ ಮಹಾವಿದ್ಯಾಲಯಗಳಿಗೆ ಹೊರಟು ನಿಂತಾಗ ಹಿರಿಯರ ಮನದಲ್ಲಿ ಒಂದು ಅಳುಕು ಮೂಡುವುದುಂಟು. ಗಡಿಯ ಹಳ್ಳಿಯಿಂದ ಹೋದ ಹುಡುಗನು ವಿದ್ವಾಂಸರ ಸಭೆಯಲ್ಲಿ ತಲೆಯೆತ್ತಿ ನಿಲ್ಲಬಲ್ಲನೇ ಎಂಬುದೇ ಆ ಅಳುಕು. ಅಂಥವರು ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರ ಜೀವನವನ್ನು ಅವಶ್ಯವಾಗಿ ಅರಿಯಬೇಕು.

ದೂಧಗಂಗಾ ನದಿಯ ದಂಡೆಯ ಮೇಲಿರುವ ಚಿಕ್ಕೋಡಿ ತಾಲೂಕಿನ ಸದಲಗಾ ಅವರ ಜನ್ಮಸ್ಥಳ. ಹುಟ್ಟಿದ್ದು 1906ನೆಯ ಇಸವಿ ಫೆಬ್ರುವರಿ 6ರಂದು. ಬೆಳಗಾವಿಯಲ್ಲಿ ಪ್ರೌಢಶಾಲೆಯ ಅಭ್ಯಾಸ ಮುಗಿಸಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿಯೂ ನಮ್ಮ ನೆರೆಯ ವಿಲಿಂಗ್ಡನ್ ಕಾಲೇಜಿನಲ್ಲಿಯೂ ಕಲಿತರು. ಸಂಸ್ಕೃತ ಪ್ರಾಕೃತಗಳಲ್ಲಿ ಮುಂಬಯಿ ವಿದ್ಯಾಪೀಠದ ಎಂ.ಎ. ಪದವಿ ಪಡೆದು, 1930ರಲ್ಲಿ ರಾಜಾರಾಮ ಕಾಲೇಜಿನಲ್ಲಿಯೇ ಅರ್ಧಮಾಗಧಿಯ ಅಧ್ಯಾಪಕರಾದರು. ಅಲ್ಲಿಯೇ 1962ರ ವರೆಗೆ ಪಾಠ ಹೇಳಿದರು.

ಅರ್ಧಮಾಗಧಿ ಕಲಿಯಬಯಸುವವರು ಬಹಳ ಜನರಲ್ಲ. ಪದವಿಯ ತರಗತಿಗೆ ಪಾಠ ಹೇಳಿ, ಪರೀಕ್ಷೆಯ ಕಾಗದ ನೋಡಿ, ತಿಂಗಳ ಸಂಬಳ ಎಣಿಸಿಕೊಂಡು ಅವರು ಸುಖವಾಗಿ ಇದ್ದುಬಿಡಬಹುದಾಗಿತ್ತು; ಯಾರೂ ಕೇಳುತ್ತಿರಲಿಲ್ಲ. ಆದರೆ ತಾನು ಕಲಿಸುವ ಗ್ರಂಥದ ಶುದ್ಧ ಪಾಠ ಯಾವುದೆಂದು ತಾನೇ ಶೋಧಿಸದೆ ಶಿಷ್ಯರ ಮುಂದೆ ನಿಲ್ಲುವುದು ತರವಲ್ಲವೆಂಬಂತೆ ಅವರು ನಡೆದರು. 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವೂ 1937ರಲ್ಲಿ ಯೋಗೀಂದುವಿನ ಪರಮಾತ್ಮಪ್ರಕಾಶವೂ ಅವರ ಸಂಪಾದನೆಯಲ್ಲಿ ಹೊರಬಂದವು. 1939ರಲ್ಲಿ ಮುಂಬಯಿ ವಿದ್ಯಾಪೀಠವು ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು.

ಅವರ ನಡತೆಯ ಒರೆಗಲ್ಲೆಂದು ನಾನು ಭಾವಿಸುವುದು ವರಾಂಗಚರಿತದ ಸಂಗತಿಯನ್ನು. ಈ ಸಂಸ್ಕೃತ ಕಾವ್ಯವು ರವಿಷೇಣನದೆಂದು ಕೆಲವು ವಿದ್ವಾಂಸರು ನಂಬಿದ್ದರು. ಹರಿವಂಶಪುರಾಣದಲ್ಲಿ ರವಿಷೇಣನ ಸ್ತುತಿಯ ಬೆನ್ನಿಗೇ ವರಾಂಗಚರಿತದ ಸ್ತುತಿ ಬಂದಿರುವುದೇ ಅದಕ್ಕೆ ಕಾರಣ. ಕೊಲ್ಹಾಪುರದ ಲಕ್ಷ್ಮೀಸೇನ ಮಠದ ಓಲೆಗರಿಗಳಲ್ಲಿ ಆ ಕಾವ್ಯವನ್ನು ಕಂಡ ಉಪಾಧ್ಯೆಯವರು ಕರ್ತೃವನ್ನು ಹುಡುಕಲು ಕನ್ನಡದ ಕಡೆಗೆ ತಿರುಗಿದರು. ಜಟಾಚಾರ್ಯನನ್ನು ಪಂಪ, ನಯಸೇನ, ಜನ್ನ ಮೊದಲಾದ ನಮ್ಮ ಕವಿಗಳು ಹೊಗಳಿದ್ದಾರೆ. ಚಾವುಂಡರಾಯನಂತೂ ತನ್ನ ಗದ್ಯಪುರಾಣದಲ್ಲಿ ಜಟಾಸಿಂಹನಂದಿಯ ಹೆಸರು ಹೇಳಿಯೇ ಒಂದು ವೃತ್ತವನ್ನು ಉದ್ಧರಿಸಿದ್ದಾನೆ. ಆ ವೃತ್ತವು ವರಾಂಗಚರಿತದಲ್ಲಿ ಸಿಕ್ಕಿತು. ಕೊಪ್ಪಳದ ಬಂಡೆಯ ಮೇಲೆ ಅದೇ ಆಚಾರ್ಯರ ಪಾದಗಳೂ ಶಾಸನವೂ ಇವೆ. ಹೀಗೆ ಕಾವ್ಯವು ನಿಜವಾದ ಕವಿಗೆ ಸಂದಿತು. 1938ರಲ್ಲಿ ಅಚ್ಚಾದ ಆ ಗ್ರಂಥದ ಪೀಠಿಕೆಯಲ್ಲಿ ವಾದವಿದೆ, ಪುರಾವೆಯಿದೆ. ಅನ್ಯರ ದುಡಿಮೆ ಅನ್ಯರಿಗೇ ಸೇರಬೇಕೆಂಬ ನಿಯಮವನ್ನು ಸಾವಿರ ವರುಷಗಳ ಹಿಂದಿನ ಕವಿಯ ವಿಷಯದಲ್ಲಿಯೂ ಪಾಲಿಸಿದವರು ಸಮಕಾಲೀನರ ವಿಷಯದಲ್ಲಿ ತಪ್ಪಿಯಾರೇ? ಡಾ. ಹೀರಾಲಾಲ ಜೈನರೊಡನೆ ಅವರು ತಿಲೋಯಪಣ್ಣತ್ತಿಯನ್ನು ಸಂಪಾದಿಸಿದರು. ಧವಳಾ ಗ್ರಂಥದ ಮಹಾಕಾರ್ಯದಲ್ಲಿ ನೆರವಾದರು. ಆ ಜೊತೆಗಾರಿಕೆ ಕೊನೆಯ ವರೆಗೂ ಕೆಡಲಿಲ್ಲ.

ಮತದ ಮಾತೂ ಇಲ್ಲಿ ಬರುತ್ತದೆ. ಸ್ವತಃ ದಿಗಂಬರ ಮನೆತನದವರಾದರೂ ಶ್ವೇತಾಂಬರ ಆಚಾರ್ಯರ ಗ್ರಂಥಗಳನ್ನು ಅದೇ ಶ್ರದ್ಧೆಯಿಂದ ಸಂಪಾದಿಸಿದರು. ಹರಿಭದ್ರನ ಧೂರ್ತಾಖ್ಯಾನ ಅಂಥದು, ಕ್ರಿ.ಶ. 779ರ ಉದ್ಯೋತನಸೂರಿಯ ಕುವಲಯಮಾಲೆಯೂ ಅಂಥದು. ಕುವಲಯಮಾಲೆಗೆ ಸಿಕ್ಕ ಪ್ರತಿಗಳು ಎರಡೇ: ಜೈಸಲಮೇರದ ಓಲೆಯ ಪ್ರತಿ, ಪುಣೆಯ ಕಾಗದದ ಪ್ರತಿ. ಎರಡರ ಪಾಠಾಂತರಗಳನ್ನೂ ಓದುಗರ ಮುಂದಿಟ್ಟು 1959ರಲ್ಲಿ ಮೂಲವನ್ನು ಪ್ರಕಟಿಸಿದರು. ಪೀಠಿಕೆ ಟಿಪ್ಪಣಿಗಳ ಎರಡನೆಯ ಭಾಗ ಬಂದದ್ದು 1970ರಲ್ಲಿ, ಹನ್ನೊಂದು ವರುಷಗಳ ತರುವಾಯ! ಬಡ್ತಿಗಾಗಿ ಲೇಖನಗಳನ್ನು ಎಣಿಸುವ ಈಗಿನ ದಿನಗಳಲ್ಲಿ ಈ ತಾಳ್ಮೆ ವಿಚಿತ್ರವಾಗಿ ತೋರಬಹುದು. ಆ ಕಥೆಯ ಪೇಟೆಯಲ್ಲಿ ನಾನಾ ದೇಶದ ವರ್ತಕರು ತಮ್ಮ ತಮ್ಮ ನುಡಿಯಲ್ಲಿ ಮಾತನಾಡುತ್ತಾರೆ; ಅವರ ನಡುವೆ ಕರ್ನಾಟಕದವರೂ ಇದ್ದಾರೆಂಬುದು ನಮಗೆ ಸಂತೋಷದ ವಿಷಯ.

ಅವರು ಹೆಚ್ಚಾಗಿ ಬರೆದುದು ಇಂಗ್ಲಿಷಿನಲ್ಲಿ. ಇದಕ್ಕೆ ನಮ್ಮಲ್ಲಿ ಕೆಲವರು ಕೊರಗುವುದುಂಟು. ಆದರೆ ವೃತ್ತಿಯ ಆರಂಭದಲ್ಲಿಯೇ ಪ್ರಾಕೃತದ ದೇಶೀಕೋಶಗಳಲ್ಲಿ ಅಡಗಿರುವ ಕನ್ನಡ ಶಬ್ದಗಳನ್ನು ಕುರಿತು ಲೇಖನ ಬರೆದವರು ಕನ್ನಡವನ್ನು ಮರೆತರೆನ್ನಲಾದೀತೇ? 1956ರ ಪುನರ್ರಚನೆಯಲ್ಲಿ ಹುಟ್ಟೂರು ಮೈಸೂರು ರಾಜ್ಯಕ್ಕೆ ಹೋಯಿತು. ಕೆಲಸದ ಊರು ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರವಾಯಿತು. ನಮ್ಮಂತೆಯೇ ಅವರೂ ಎರಡು ಸೀಮೆಯವರಾದರು. ಕೊಲ್ಹಾಪುರದ ಶಿವಾಜಿ ವಿದ್ಯಾಪೀಠವು ಅವರನ್ನು ಕಲಾವಿಭಾಗದ ಡೀನರನ್ನಾಗಿ ಮಾಡಿಕೊಂಡಿತು. 1966ರಲ್ಲಿ ಅಲೀಗಡದ ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತಿಗೂ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು.

ವಿಶ್ರಾಂತಿಯ ವಯಸ್ಸಿನಲ್ಲಿ, 1971ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಕರೆಗೆ ಓಗೊಟ್ಟು ಅಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತಗಳ ಪ್ರಥಮ ಪ್ರಾಧ್ಯಾಪಕರಾಗಿ ಮತ್ತೆ ಪಾಠಕ್ಕೆ ನಿಂತರು. 1975ರ ಅಕ್ಟೋಬರ್ 8ರಂದು ಕೊಲ್ಹಾಪುರದಲ್ಲಿ ಕಾಲವಾದರು. ಅಲ್ಲಲ್ಲಿ ಚದುರಿಹೋಗಿದ್ದ ಅವರ ಲೇಖನಗಳನ್ನು ಒಟ್ಟುಗೂಡಿಸಿ ಮೈಸೂರು ವಿಶ್ವವಿದ್ಯಾನಿಲಯವು 1983ರಲ್ಲಿ ಪ್ರಕಟಿಸಿತು.