ಕೂಗದೇ ಕಲಿಸಿದ ಮೇಷ್ಟ್ರು

ಹೋದ ವರ್ಷ ನಮ್ಮ ಕಾಲೇಜಿನ ಫಸ್ಟ್ ಇಯರ್ ಹುಡುಗರ ಕಬಡ್ಡಿ ತಂಡವನ್ನು ತಯಾರು ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ದಿನಾ ಸಂಜೆ ಕೂಗಿ ಕೂಗಿ ಗಂಟಲು ಹರಿದುಕೊಂಡೆ. ಕಾಲು ಹೀಗಿಡು, ಕೈ ಹಾಗೆ ಹಿಡಿ, ಈಗ ನುಗ್ಗು, ಈಗ ಬಿಡು. ಪಂದ್ಯದ ದಿನ ಎದುರಾಳಿ ರೈಡರ್ ಒಳಗೆ ಬಂದಾಗ ನಮ್ಮ ಹುಡುಗರು ಅವನ ಕಾಲು ನೋಡುವ ಬದಲು ನನ್ನ ಮುಖ ನೋಡುತ್ತಿದ್ದರು. ಮೊದಲ ಸುತ್ತಿನಲ್ಲೇ ಸೋತು ಹಾಸ್ಟೆಲಿಗೆ ಮರಳಿದೆವು.

ಟ್ಯಾಕಲ್ ಕಲಿಸುವ ವಿಡಿಯೊ ಹುಡುಕುತ್ತಾ ಹೋದವನಿಗೆ ರಗ್ಬಿ ಸಿಕ್ಕಿತು. ರಗ್ಬಿಯ ಬೆನ್ನು ಹತ್ತಿದವನಿಗೆ ಕಾರ್ವಿನ್ ಜೇಮ್ಸ್ ಸಿಕ್ಕಿದರು. ನಮ್ಮಲ್ಲಿ ಬಹಳ ಜನಕ್ಕೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ವೇಲ್ಸ್ ದೇಶದಲ್ಲಿ ಮಾತ್ರ ಅವರದು ಮನೆಮಾತಾದ ಹೆಸರು.

ಕಾರ್ವಿನ್ ಹುಟ್ಟಿದ್ದು 1929ರಲ್ಲಿ. ಕೆವ್ನೈಥಿನ್ ಎಂಬ ಹಳ್ಳಿಯಲ್ಲಿ ಬೆಳೆದರು. ಅಪ್ಪ ಕಲ್ಲಿದ್ದಲು ಗಣಿಯ ಕಾರ್ಮಿಕ, ಮನೆಯೆದುರೇ ರಗ್ಬಿ ಮೈದಾನ. ಓದಿದ್ದು ಮಾತೃಭಾಷೆ ವೆಲ್ಷ್‌ನ ಸಾಹಿತ್ಯ. ಸೇನಾಸೇವೆ ಕಡ್ಡಾಯವಾಗಿದ್ದ ಕಾಲದಲ್ಲಿ ನೌಕಾಪಡೆಗೆ ಸೇರಿ ಅಲ್ಲಿ ರಷ್ಯನ್ ಭಾಷೆ ಕಲಿತರು. ಆಮೇಲೆ ಲಾಂಡವರಿಯ ಶಾಲೆಯಲ್ಲಿ ಮೇಷ್ಟ್ರಾಗಿ ಮಕ್ಕಳಿಗೆ ವೆಲ್ಷ್ ಮತ್ತು ರಗ್ಬಿ ಎರಡನ್ನೂ ಕಲಿಸಿದರು. ದೇಶಕ್ಕಾಗಿ ಆಡಿದ್ದು ಎರಡೇ ಪಂದ್ಯ, 1958ರಲ್ಲಿ. ಅವರ ಜಾಗದಲ್ಲಿ ಕ್ಲಿಫ್ ಮಾರ್ಗನ್ ಎಂಬ ದೊಡ್ಡ ಆಟಗಾರ ಇದ್ದುದರಿಂದ ಅವಕಾಶ ಅಷ್ಟಕ್ಕೇ ಮುಗಿಯಿತು.

1971ರಲ್ಲಿ ಬ್ರಿಟಿಷ್ ಲಯನ್ಸ್ ತಂಡಕ್ಕೆ ಅವರು ಕೋಚ್ ಆದರು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡಿನ ಆಯ್ದ ಆಟಗಾರರ ತಂಡ ಅದು. ಹೋಗಬೇಕಾದದ್ದು ನ್ಯೂಜಿಲೆಂಡಿಗೆ. ಆಲ್ ಬ್ಲ್ಯಾಕ್ಸ್ ತಂಡವನ್ನು ಅದರ ನೆಲದಲ್ಲೇ ಸರಣಿಯಲ್ಲಿ ಸೋಲಿಸುವುದು ಲಯನ್ಸ್‌ಗೆ ಅದುವರೆಗೆ ಆಗಿರಲಿಲ್ಲ.

ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೇ ಕೊಡಬೇಕು. ಮೈಮೇಲೆ ಎದುರಾಳಿ ಬೀಳುವ ಮೊದಲು ಓಡುವುದೋ, ಒದೆಯುವುದೋ, ಪಾಸ್ ಕೊಡುವುದೋ ತೀರ್ಮಾನವಾಗಬೇಕು. ಕೋಚ್ ದೂರದಲ್ಲಿ ಪ್ರೇಕ್ಷಕರ ಜೊತೆ ಕೂತಿರುತ್ತಾರೆ. ಕಾರ್ವಿನ್ ಅಭ್ಯಾಸದಲ್ಲೇ ಈ ತೀರ್ಮಾನದ ಹೊಣೆಯನ್ನು ಆಟಗಾರನಿಗೆ ಬಿಟ್ಟರು. ಅವರು ಕೂಗಾಡುವವರಲ್ಲ, ಮೆಲುದನಿಯ ಮನುಷ್ಯ. ಇಂಥದ್ದನ್ನೇ ಮಾಡು ಎಂದು ಹೇಳುವುದಕ್ಕಿಂತ ನಿನಗೇನು ಕಾಣಿಸುತ್ತಿದೆ ಎಂದು ಕೇಳುವುದು ಅವರ ರೀತಿ. ಧೈರ್ಯ ಮಾಡಿ ತಪ್ಪಿದವನನ್ನು ಬೈಯುತ್ತಿರಲಿಲ್ಲ.

ಇಂಗ್ಲೆಂಡಿನ ಡೇವಿಡ್ ಡಕ್‌ಹ್ಯಾಮ್‌ಗೆ ಓಡುತ್ತಾ ಪಕ್ಕಕ್ಕೆ ಜಿಗಿದು ತಪ್ಪಿಸಿಕೊಳ್ಳುವ ಕಲೆ ಸಹಜವಾಗಿ ಬಂದಿತ್ತು. ತನ್ನ ದೇಶದ ತಂಡದಲ್ಲಿ ಅದನ್ನು ತೋರಿಸಲು ಹಿಂಜರಿಯುತ್ತಿದ್ದರು. ಕಾರ್ವಿನ್ ಅದನ್ನೇ ಮಾಡು ಎಂದು ಬೆನ್ನು ತಟ್ಟಿದರು. ಆ ಪ್ರವಾಸದ ಒಂದೇ ಪಂದ್ಯದಲ್ಲಿ ಡಕ್‌ಹ್ಯಾಮ್ ಆರು ಸಲ ಗೆರೆ ದಾಟಿ ಟ್ರೈ ಗಳಿಸಿದರು.

ನನಗೆ ಅತಿ ಇಷ್ಟವಾದದ್ದು ಸ್ಕ್ರಮ್‌ನ ಕಥೆ. ಎರಡೂ ಕಡೆಯ ಎಂಟೆಂಟು ಜನ ತಲೆ ತಗ್ಗಿಸಿ ಭುಜ ಕೊಟ್ಟು ತಳ್ಳುವುದೇ ಸ್ಕ್ರಮ್. ಕಾರ್ವಿನ್ ಹಿಂದಿನ ಸಾಲಿನಲ್ಲಿ ಚುರುಕಾಗಿ ಓಡಿ ಆಡಿದವರು, ಈ ತಳ್ಳಾಟದ ಒಳಗುಟ್ಟು ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಗೊತ್ತಿದೆ ಎಂದು ನಟಿಸಲೂ ಇಲ್ಲ. ಐರ್ಲೆಂಡಿನ ರೇ ಮೆಕ್‌ಲಾಕ್ಲಿನ್ ಎಂಬ ಆಟಗಾರನಿಗೇ ಆ ಪಾಠ ಒಪ್ಪಿಸಿ ತಾವೂ ಕಲಿತರು. (ಲ್ಯಾಬಿನಲ್ಲಿ ನಾವು ಪ್ರಶ್ನೆ ಕೇಳಿದಾಗ ಮ್ಯಾನ್ಯುವಲ್ ನೋಡಿಕೋ ಎನ್ನಿಸಿಕೊಂಡ ನನ್ನಂಥವರಿಗೆ ಇದು ಪವಾಡ.) ಮೊದಲ ಟೆಸ್ಟಿಗೆ ಒಂದು ವಾರ ಇರುವಾಗ ಮೆಕ್‌ಲಾಕ್ಲಿನ್ ಹೆಬ್ಬೆರಳು ಮುರಿದುಕೊಂಡು ಸರಣಿಯಿಂದಲೇ ಹೊರಬಿದ್ದರು. ಆದರೂ ಅವರಿಂದ ಕಲಿತವರು ಉಳಿದಿದ್ದರು. ಲಯನ್ಸ್ ಡನೀಡಿನ್‌ನಲ್ಲಿ 9-3ರಿಂದ ಗೆದ್ದಿತು. ಆ ಪಂದ್ಯದಲ್ಲಿ ಲಯನ್ಸ್‌ನ ಏಕೈಕ ಟ್ರೈ ಗಳಿಸಿದ್ದು ಸ್ಕ್ರಮ್‌ನ ಮುಂದಿನ ಸಾಲಿನ ಇಯಾನ್ ಮೆಕ್‌ಲಾಕ್ಲನ್. ಎರಡನೆಯದು ಸೋಲು, ಮೂರನೆಯದು ಗೆಲುವು, ನಾಲ್ಕನೆಯದು 14-14 ಡ್ರಾ. ಸರಣಿ ಲಯನ್ಸ್‌ಗೆ. ನ್ಯೂಜಿಲೆಂಡಿನಲ್ಲಿ ಅಂಥ ಇನ್ನೊಂದು ಸರಣಿಯನ್ನು ಅವರು ಇವತ್ತಿಗೂ ಗೆದ್ದಿಲ್ಲ.

ಮರುವರ್ಷ ಅಕ್ಟೋಬರ್ 31ರಂದು ಕಾರ್ವಿನ್ ಪಳಗಿಸಿದ ಲನೆಲ್ಲಿ ಎಂಬ ಸಣ್ಣ ಊರಿನ ಕ್ಲಬ್ ಕೂಡ ಅದೇ ಆಲ್ ಬ್ಲ್ಯಾಕ್ಸನ್ನು 9-3ರಿಂದ ಸೋಲಿಸಿತು.

ಇಷ್ಟೆಲ್ಲ ಆದ ಮೇಲೆ ವೇಲ್ಸ್ ತಂಡದ ಕೋಚ್ ಹುದ್ದೆ ಅವರಿಗೆ ಬರಬೇಕಿತ್ತು. ಬರಲಿಲ್ಲ. ತಂಡವನ್ನು ಕಮಿಟಿಯವರು ಆರಿಸುವುದು ಆಗ ಅಲ್ಲಿನ ಪದ್ಧತಿಯಾಗಿತ್ತು. ಆಯ್ಕೆಯಲ್ಲಿ ಕೋಚ್‌ನ ಮಾತೇ ಮುಖ್ಯವಾಗಬೇಕು ಎಂದು ಕಾರ್ವಿನ್ ಪಟ್ಟು ಹಿಡಿದರು. ಒಪ್ಪುವ ಲಕ್ಷಣ ಕಾಣದೆ 1974ರಲ್ಲಿ ಪತ್ರ ಬರೆದು ತಾವೇ ಹಿಂದೆ ಸರಿದರು. ಹುದ್ದೆ ಸಿಕ್ಕಿದ್ದು ಜಾನ್ ಡಾವ್ಸ್‌ಗೆ, 1971ರಲ್ಲಿ ಇವರ ಕೈಕೆಳಗೆ ನಾಯಕನಾಗಿದ್ದವರಿಗೆ!

ಈ ಜಾಗದಲ್ಲಿ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಮೊದಲು ಒಳಗೆ ಸೇರಿಕೊಂಡು ಆಮೇಲೆ ನಿಧಾನಕ್ಕೆ ಬದಲಾಯಿಸಬಹುದಿತ್ತಲ್ಲ? ಪ್ಲೇಸ್‌ಮೆಂಟಿಗೆ ಕಾದಿರುವ ನಾವು ಸಿಕ್ಕ ಕೆಲಸ ಬಿಡುತ್ತೇವೆಯೇ? ಆದರೆ ಹುಡುಗರಿಗೆ ನಿಮ್ಮ ತೀರ್ಮಾನ ನೀವೇ ಮಾಡಿ ಎಂದು ಕಲಿಸಿದವರು, ತಾವು ಮಾತ್ರ ಕಮಿಟಿಯ ಮುಖ ನೋಡುತ್ತಾ ಕೂರಬೇಕಿತ್ತೇ? ಈ ಪ್ರಶ್ನೆಗೆ ನಾನಿನ್ನೂ ಉತ್ತರ ಕಂಡುಕೊಂಡಿಲ್ಲ.

ಮುಂದೆ ಅವರು ಇಟಲಿಯ ರೊವಿಗೊ ಕ್ಲಬ್ಬಿಗೆ ಹೋಗಿ ಅದನ್ನು ಆ ದೇಶದ ಚಾಂಪಿಯನ್ ಮಾಡಿದರು. ಪತ್ರಿಕೆಗಳಿಗೆ ಬರೆದರು. 1983ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಹೋಟೆಲ್ ಕೋಣೆಯೊಂದರಲ್ಲಿ ತೀರಿಕೊಂಡಾಗ ವಯಸ್ಸು 53.

ಈ ವರ್ಷವೂ ಜೂನಿಯರ್‌ಗಳು ನನ್ನ ಪಾಲಿಗೇ ಬಂದಿದ್ದಾರೆ. ಮೊನ್ನೆ ಎಡ ಮೂಲೆಯ ಹುಡುಗ ರೈಡರ್‌ನ ಕಾಲು ಹಿಡಿಯಲು ಹೋಗಿ ತಪ್ಪಿಸಿಕೊಂಡ. ಯಾಕೆ ಕೈ ತಪ್ಪಿತು ಎಂದು ಕೇಳಿದೆ. ನಾನೇ ಹೇಳಿಬಿಡುತ್ತೇನೆ ಎಂದುಕೊಂಡು ಸುಮ್ಮನೆ ನಿಂತ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವನೇ ರೈಡರ್ ಹುಡುಗನನ್ನು ಕರೆದು, ಇನ್ನೊಂದು ಸಲ ಬಾ ಎಂದು ಕೈ ಮಾಡಿದ.