ಭಾರತದ ಮೊದಲ ವಕೀಲೆ ಕಾರ್ನೆಲಿಯಾ ಸೊರಾಬ್ಜಿ



ಹೋದ ತಿಂಗಳು ಜಮೀನಿನ ಭಾಗದ ವಿಷಯಕ್ಕೆ ನಮ್ಮಜ್ಜಿ ಜೊತೆ ವಕೀಲರ ಹತ್ರ ಹೋಗಿದ್ದೆ. ಅವರು ಏನು ಕೇಳಿದರೂ ಅಜ್ಜಿ ಸೆರಗು ಬಾಯಿಗೆ ಇಟ್ಕೊಂಡು ಹ್ಞೂಂ ಅಂದಳು ಅಷ್ಟೆ. ಬಸ್ಸಿನಲ್ಲಿ ಬರುವಾಗ ನನಗೆ ಎಲ್ಲಾ ಹೇಳಿದಳು. ಗಂಡಸರ ಮುಂದೆ ಮನೆ ವಿಷಯ ಹೇಳೋಕೆ ನಾಚಿಕೆ ಆಯ್ತಂತೆ. ಈ ಕಷ್ಟವನ್ನು ನೂರು ವರ್ಷಕ್ಕೂ ಹಿಂದೆಯೇ ತಿಳಿದುಕೊಂಡ ಒಬ್ಬರು ಇದ್ದರು. ಅವರೇ ಕಾರ್ನೆಲಿಯಾ ಸೊರಾಬ್ಜಿ.

ಇವರು 1866ರ ನವೆಂಬರ್ 15ರಂದು ನಾಸಿಕ್‌ನಲ್ಲಿ ಜನಿಸಿದರು. ಚಿಕ್ಕಂದಿನಲ್ಲಿ ನಮ್ಮ ಕರ್ನಾಟಕದ ಬೆಳಗಾವಿಯಲ್ಲಿ ಇದ್ದರು. ಆಮೇಲೆ ಪುಣೆಗೆ ಹೋದರು. ಅವರ ತಾಯಿ ಪುಣೆಯಲ್ಲಿ ಶಾಲೆಗಳನ್ನು ನಡೆಸುತ್ತಿದ್ದರು. ಕಾರ್ನೆಲಿಯಾ ಬೊಂಬಾಯಿ ವಿಶ್ವವಿದ್ಯಾನಿಲಯದ ಮೊದಲ ಮಹಿಳಾ ಪದವೀಧರೆ ಆದರು. ಪರೀಕ್ಷೆಯಲ್ಲಿ ಮುಂದೆ ಬಂದರೂ, ಇಂಗ್ಲೆಂಡಿಗೆ ಹೋಗಿ ಓದುವ ವಿದ್ಯಾರ್ಥಿವೇತನ ಸಿಗಲಿಲ್ಲ. ಯಾಕೆ ಗೊತ್ತಾ? ಹೆಣ್ಣು ಅನ್ನೋ ಒಂದೇ ಕಾರಣಕ್ಕೆ!

ಅವರು ಸುಮ್ಮನೆ ಕೂರಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡಿದರು. ಇಂಗ್ಲೆಂಡಿನ ಕೆಲವರು ಹಣ ಕೂಡಿಸಿ ಸಹಾಯ ಮಾಡಿದರು. 1889ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಕಾನೂನು ಓದಿದ ಮೊದಲ ಮಹಿಳೆ ಇವರೇ. 1892ರಲ್ಲಿ ಪರೀಕ್ಷೆ ಪಾಸಾದರು. ಆದರೆ ಆಗ ಹೆಂಗಸರಿಗೆ ಅಲ್ಲಿ ಪದವಿ ಕೊಡುತ್ತಿರಲಿಲ್ಲ, ವಕೀಲಿಗೂ ಬಿಡುತ್ತಿರಲಿಲ್ಲ. ಭಾರತಕ್ಕೆ ಬಂದು ಇಲ್ಲೂ ಕಾನೂನು ಪರೀಕ್ಷೆ ಪಾಸು ಮಾಡಿದರು. ಆದರೂ ಕರಿ ಕೋಟು ಸಿಗಲಿಲ್ಲ.

ಆ ಕಾಲದಲ್ಲಿ ಎಷ್ಟೋ ಹೆಂಗಸರು ಪರದೆಯ ಒಳಗೇ ಇರುತ್ತಿದ್ದರು. ಹೊರಗಿನ ಗಂಡಸರ ಹತ್ತಿರ ಮಾತಾಡುವ ಹಾಗೇ ಇರಲಿಲ್ಲ. ಆಸ್ತಿ ಇದ್ದರೂ ಕೇಳೋರಿಲ್ಲದೆ ಮೋಸ ಹೋಗುತ್ತಿದ್ದರು. 1904ರಿಂದ ಕಾರ್ನೆಲಿಯಾ ಬಂಗಾಳದಲ್ಲಿ ಸರ್ಕಾರದ ಕಡೆಯಿಂದ ಅಂಥವರ ಮನೆಗಳಿಗೇ ಹೋಗಿ ಕಷ್ಟ ಕೇಳಿದರು. ಸುಮಾರು 600 ಹೆಂಗಸರು ಮತ್ತು ಅನಾಥ ಮಕ್ಕಳಿಗೆ ನೆರವಾದರು ಎಂದು ಹೇಳುತ್ತಾರೆ.

ಹೆಂಗಸರೂ ವಕೀಲರಾಗಬಹುದು ಎಂದು 1923ರಲ್ಲಿ ಕಾನೂನು ಬಂತು. 1924ರಲ್ಲಿ ಅವರು ಕಲ್ಕತ್ತದಲ್ಲಿ ವಕೀಲಿ ಶುರು ಮಾಡಿದರು. ಆಗ ಅವರಿಗೆ 57 ವರ್ಷ ದಾಟಿತ್ತು. ಪರೀಕ್ಷೆ ಪಾಸಾಗಿ 30 ವರ್ಷಕ್ಕೂ ಹೆಚ್ಚು ಕಾಯಬೇಕಾಯ್ತು ನೋಡಿ! 1954ರ ಜುಲೈ 6ರಂದು ಲಂಡನ್ನಿನಲ್ಲಿ ತೀರಿಕೊಂಡರು.

ನಮ್ಮ ಪಾಂಡವಪುರ ತಾಲೂಕಿನ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ ಆಗಿದ್ದರು. ಅವರ ಮಗಳು ಬಿ.ವಿ. ನಾಗರತ್ನ 2021ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆದರು. ಕಾರ್ನೆಲಿಯಾ ಅಂಥವರು ಬಾಗಿಲು ತೆರೆಯದಿದ್ದರೆ ಇದು ಆಗುತ್ತಿತ್ತಾ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕು ಕಡೆಯೂ ಕೋರ್ಟ್ ಇದೆ. ಪಿಯುಸಿ ಆದ ಮೇಲೆ 5 ವರ್ಷ ಕಾನೂನು ಓದಿದರೆ ನಾವೂ ವಕೀಲರಾಗಬಹುದು. ಈಗ ಯಾರೂ ಹೆಣ್ಣು ಅಂತ ಬೇಡ ಅನ್ನೋ ಹಾಗಿಲ್ಲ. ಆದ್ದರಿಂದ ಗೆಳತಿಯರೇ, ಏಳನೇ ಕ್ಲಾಸಿಗೇ ಶಾಲೆ ಬಿಡಬೇಡಿ. ನಮ್ಮಜ್ಜಿ ಥರದವರು ಬಾಯಿಬಿಟ್ಟು ಹೇಳಿಕೊಳ್ಳೋಕೆ ಒಬ್ಬ ಹುಡುಗಿಯಾದರೂ ಅಲ್ಲಿ ಕೂತಿರಬೇಕು.

– 7ನೇ ತರಗತಿ ವಿದ್ಯಾರ್ಥಿನಿ