ಸೋದರಮಾವನ ಮನೆ

ಚಾರ್ಲ್ಸ್ ಡಾರ್ವಿನ್ನನ ಬಾಳನ್ನು ಬರೆಯುವವರು ಹಡಗಿನಿಂದ ಮೊದಲು ಮಾಡುವುದು ವಾಡಿಕೆ. ನಾನು ಮೇರ್ ಎಂಬ ಹಳ್ಳಿಯಲ್ಲಿದ್ದ ಆತನ ಸೋದರಮಾವನ ಮನೆಯಿಂದ ಮೊದಲು ಮಾಡುತ್ತೇನೆ. 1817ರಲ್ಲಿ, ಎಂಟನೆಯ ವಯಸ್ಸಿನಲ್ಲಿಯೇ, ತಾಯಿಯನ್ನು ಕಳೆದುಕೊಂಡ ಹುಡುಗನಿಗೆ ಶ್ರೂಸ್‌ಬರಿಯ ತಂದೆಯ ಮನೆ ಬಿಗುವಿನದು. ಮೇರ್‌ನಲ್ಲಿಯಾದರೋ ಮಾತು, ಸಂಗೀತ, ಬೇಟೆ, ನಗು. ಮಾವನ ಕೊನೆಯ ಮಗಳು ಎಮ್ಮಾ ಅವನಿಗಿಂತ ಒಂಬತ್ತು ತಿಂಗಳಿಗೆ ಹಿರಿಯಳು. 1831ರಲ್ಲಿ ಬೀಗಲ್ ಹಡಗಿನ ಯಾನಕ್ಕೆ ತಂದೆ ಒಪ್ಪದಿದ್ದಾಗ, ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಬರೆದು ಒಪ್ಪಿಸಿದವನು ಈ ಮಾವನೇ.

1839ರ ಜನವರಿ 29ರಂದು ಮೇರ್‌ನ ಇಗರ್ಜಿಯಲ್ಲಿ ಚಾರ್ಲ್ಸ್–ಎಮ್ಮಾರ ವಿವಾಹವಾಯಿತು. ಸೋದರಮಾವನ ಮಗಳನ್ನು ತರುವುದು ನಮಗೆ ಹೊಸದಲ್ಲ. ಆ ಮನೆತನಗಳಿಗೂ ಹೊಸದಾಗಿರಲಿಲ್ಲ. ಚಾರ್ಲ್ಸನ ಅಕ್ಕ ಕ್ಯಾರೊಲೈನ್ 1837ರಲ್ಲಿಯೇ ಎಮ್ಮಾಳ ಅಣ್ಣನನ್ನು ಕೈಹಿಡಿದಿದ್ದಳು. ಎಮ್ಮಾ ದೈವಭಕ್ತೆ, ಗಂಡನ ಸಂದೇಹಗಳು ಪರಲೋಕದಲ್ಲಿ ತಮ್ಮಿಬ್ಬರನ್ನು ಅಗಲಿಸಿಯಾವೆಂದು ಅಂಜಿ ಅವನಿಗೊಂದು ಪತ್ರ ಬರೆದಳು. ಅದನ್ನು ಆತ ಕಡೆಯವರೆಗೂ ಕಾಪಾಡಿಕೊಂಡ.

ಹತ್ತು ಮಕ್ಕಳಲ್ಲಿ ಮೂವರು ಎಳವೆಯಲ್ಲಿಯೇ ತೀರಿಕೊಂಡರು. 1851ರಲ್ಲಿ ಹತ್ತು ವರ್ಷದ ಆನಿ ಹೋದಳು. ಹತ್ತಿರದ ರಕ್ತವೇ ಮಕ್ಕಳಿಗೆ ಮುಳುವಾಯಿತೇ ಎಂಬ ಕೊರಗು, ಹೂಗಳ ಪರಾಗಸ್ಪರ್ಶವನ್ನು ವರ್ಷಗಟ್ಟಲೆ ಪರೀಕ್ಷಿಸಿದ ಆ ವಿಜ್ಞಾನಿಯನ್ನು ಬಿಡಲಿಲ್ಲ. 1871ರ ಜನಗಣತಿಯಲ್ಲಿ ಸೋದರಸಂಬಂಧದ ಮದುವೆಗಳನ್ನು ಕುರಿತು ಪ್ರಶ್ನೆಯೊಂದು ಸೇರಲೆಂದು ಯತ್ನಿಸಿದ, ಪಾರ್ಲಿಮೆಂಟು ಒಪ್ಪಲಿಲ್ಲ. ಮನೆಯ ಅಳಲನ್ನು ನಾಡಿನ ಮುಂದಿಡಲು ಹೊರಟ ಆ ಧೈರ್ಯವನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಮಗ ಜಾರ್ಜ್ 1875ರಲ್ಲಿ ತಾನೇ ಲೆಕ್ಕಹಾಕಿ, ಇಂಥ ಮದುವೆಗಳಿಂದಾಗುವ ಕೇಡು ಅಲ್ಪವೆಂದು ಕಂಡುಕೊಂಡ.

ಈ ನಡುವೆ ದಂಪತಿಗಳು ರಾತ್ರಿ ರಾತ್ರಿಯೂ ಬ್ಯಾಕ್‌ಗ್ಯಾಮನ್ ಎಂಬ, ನಮ್ಮ ಪಗಡೆಯನ್ನು ಹೋಲುವ ಆಟಕ್ಕೆ ಕೂರುತ್ತಿದ್ದರು. ಡಾರ್ವಿನ್ ಅದರ ಲೆಕ್ಕವನ್ನೂ ಇಟ್ಟಿದ್ದ: 1876ರ ಹೊತ್ತಿಗೆ ಅವನ ಗೆಲುವು 2,795, ಎಮ್ಮಾಳದು 2,490.